ಮಲಗಿದವಳ ಅಳತೆ

ಹೊಸದಾಗಿ ಸಂಸಾರ ಹೂಡಿದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಪೇಟೆಯ ನಡುವೆ ಒಂದು ಅಂಕಣದ ಮನೆಗೆ ಹೇಳುವ ಬೆಲೆಗೆ, ಮೂರು ಹರದಾರಿ ಆಚೆ ನಾಲ್ಕು ಅಂಕಣ ಸಿಗುತ್ತದೆ. ಮಣ್ಣು ಅದೇ, ತೊಲೆ ಅದೇ. ನಾಳೆ ಮುಂಗಡ ಕೊಡುವವನಿದ್ದೇನೆ. ಇಷ್ಟು ಅಗ್ಗ ಯಾಕೆ, ಗುರುಗಳೇ?”

ಗುರುಗಳು ಹೇಳಿದರು:

ಒಬ್ಬ ದರ್ಜಿ ಇದ್ದ. ಅಂಗಡಿ ಪೇಟೆಯ ನಡುವೆ, ಬಾಡಿಗೆಯ ಕೋಣೆ ಅಂಗಡಿಯ ಹಿಂದೆ. ಮಗಳು ಹುಟ್ಟಿದ ವರ್ಷ ಅವನೂ ನಿನ್ನಂತೆಯೇ ಯೋಚಿಸಿ ಊರಾಚೆ ದೊಡ್ಡ ಮನೆ ಕೊಂಡ. ಮಗು ಓಡಾಡಲು ಅಂಗಳವಿರಲಿ ಎಂದು ಅವನಾಸೆ. ಮಗು ಅಂಗಳದ ತುಂಬ ಓಡಿತು. ನೋಡಲು ಅವನಿರಲಿಲ್ಲ. ಅವಳು ಏಳುವ ಮೊದಲೇ ಅವನು ದಾರಿ ಹಿಡಿಯಬೇಕು. ಅವನು ಮನೆ ಮುಟ್ಟುವ ಹೊತ್ತಿಗೆ ಅವಳಿಗೆ ನಿದ್ದೆ. ಹಬ್ಬ ಬಂತೆಂದರೆ ಊರವರ ಬಟ್ಟೆ ಮುಗಿಯದೆ ಅಂಗಡಿಯಲ್ಲೇ ಉಳಿಯುತ್ತಿದ್ದ.

ಆದರೂ ವರ್ಷಕ್ಕೊಂದು ಲಂಗ ಅವಳಿಗೆ ತಾನೇ ಹೊಲಿದ. ಎಬ್ಬಿಸಲು ಮನಸ್ಸಾಗದೆ, ಮಲಗಿದವಳ ಸೊಂಟದಿಂದ ಪಾದಕ್ಕೆ ದಾರ ಹಿಡಿದು ಅಳತೆ ತೆಗೆಯುತ್ತಿದ್ದ. ಮಗು ಮಲಗುತ್ತಿದ್ದದ್ದು ಮಂಡಿ ಮಡಚಿಕೊಂಡು. ಲಂಗ ಪ್ರತಿ ವರ್ಷವೂ ಗಿಡ್ಡವಾಗುತ್ತಿತ್ತು. ಹೆಂಡತಿ ಅವನಿಗೆ ಹೇಳದೆ ಕೆಳಗೊಂದು ಪಟ್ಟಿ ಸೇರಿಸುತ್ತಿದ್ದಳು.

ಹನ್ನೆರಡು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಹುಡುಗಿಯೊಬ್ಬಳು ಬಂದು ನಿಂತಳು. ದರ್ಜಿಯ ಕಣ್ಣು ಮುಖಕ್ಕಿಂತ ಮೊದಲು ಬಟ್ಟೆಯ ಅಂಚಿಗೆ ಹೋಗುತ್ತದೆ. ಅವನು ತಲೆ ಎತ್ತದೆಯೇ ನಕ್ಕ.

“ಪಟ್ಟಿ ಹಚ್ಚಿದ ಲಂಗ! ಹೊಲಿಗೆ ಏನೋ ಪರವಾಗಿಲ್ಲ. ಅಳತೆಯೇ ಬಾರದವನ ಕೈಗೆ ಯಾಕಮ್ಮ ಕೊಟ್ಟೆ?”

“ಹೊಲಿದದ್ದು ನಮ್ಮಪ್ಪ.”

“ನೀನು ಇಷ್ಟುದ್ದ ಇರೋದು ನಿಮ್ಮಪ್ಪನಿಗೆ ಕಾಣಿಸೋದಿಲ್ವಾ?”

“ನಾನು ನಿಂತಿದ್ದನ್ನ ಅವರು ನೋಡೇ ಇಲ್ಲ. ಇವತ್ತು ನಿಂತು ಅಳತೆ ಕೊಡೋಣ ಅಂತ ಹಾಲಿನ ಗಾಡಿ ಹತ್ತಿ ಬಂದೆ, ಅಪ್ಪ.”

ದರ್ಜಿ ತಲೆ ಎತ್ತಿದ. ಮುಖ ಅವನಿಗೆ ಗೊತ್ತಿತ್ತು. ತೆರೆದ ಕಣ್ಣುಗಳು ಹೊಸವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: “ಆಮೇಲಾದರೂ ಅವನು ಪೇಟೆಗೆ ಮನೆ ಬದಲಾಯಿಸಿದನೇ?”

“ಬದಲಾಯಿಸಲು ಹಣ ಕೂಡುವಷ್ಟರಲ್ಲಿ ಪೇಟೆಯೇ ಬೆಳೆದು ಅವನ ಬಾಗಿಲಿಗೆ ಬಂದಿತ್ತು, ಮನೆಯ ಬೆಲೆ ನಾಲ್ಕು ಪಟ್ಟಾಗಿತ್ತು, ಮಗಳು ಗಂಡನ ಮನೆಯಲ್ಲಿದ್ದಳು.”