ಸೋಡಿಯಂ ಕೊಟ್ಟದ್ದು

ನೀರು ತಾಗಿದರೆ ಸಿಡಿಯುತ್ತದೆಂದು ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದರು. ಉಸಿರಿಗೆ ವಿಷವೆಂದು ಕ್ಲೋರಿನ್ ಅನಿಲವನ್ನು ಜಾಡಿಯಲ್ಲಿ ಬಿಗಿದಿದ್ದರು. ಒಂದು ದಿನ ರಸಾಯನಶಾಸ್ತ್ರದ ಮೇಡಂ ಸೋಡಿಯಂ ಚೂರೊಂದನ್ನು ಕಾಯಿಸಿ ಆ ಜಾಡಿಗೆ ಇಳಿಸಿದರು.

"ನನಗೆ ಒಂದೇ ಒಂದು ಎಲೆಕ್ಟ್ರಾನ್ ಕಡಿಮೆ. ಅದಕ್ಕೇ ಸಿಕ್ಕಿದವರ ಮೇಲೆಲ್ಲ ಎರಗುತ್ತೇನೆ" ಎಂದಿತು ಕ್ಲೋರಿನ್.

"ನನ್ನಲ್ಲಿ ಒಂದು ಹೆಚ್ಚಿದೆ. ನನ್ನ ಸಿಡುಕಿಗೆಲ್ಲ ಅದೇ ಕಾರಣ. ತಗೋ" ಎಂದು ಸೋಡಿಯಂ ಕೊಟ್ಟೇಬಿಟ್ಟಿತು. ಹಳದಿ ಜ್ವಾಲೆ ಭಗ್ಗನೆ ಎದ್ದು ಆರಿತು.

ಕ್ಲೋರಿನ್ ಹೊರಡಲು ನೋಡಿತು, ಆಗಲಿಲ್ಲ. "ಬಿಡು ಮಾರಾಯ!"

"ನಾನೆಲ್ಲಿ ಹಿಡಿದಿದ್ದೇನೆ? ಕೊಟ್ಟು ನಾನು ಧನ ಅಯಾನು ಆದೆ, ಪಡೆದು ನೀನು ಋಣ ಅಯಾನು ಆದೆ. ಹಿಡಿದಿರುವುದು ಧನ-ಋಣಗಳ ನಡುವಿನ ಸೆಳೆತ."

ಜಾಡಿಯಲ್ಲಿ ಬೆಳ್ಳಗಿನ ಉಪ್ಪು ಉಳಿದಿತ್ತು. ಸಿಡುಕೂ ಇಲ್ಲ, ವಿಷವೂ ಇಲ್ಲ. ಜ್ವರ ಬಿಟ್ಟವರ ಗಂಜಿಗೆ ಹಾಕುವ ಚಿಟಿಕೆಯಲ್ಲಿ ಇರುವುದೂ ಈ ಇಬ್ಬರೇ.