ಕೋಟು ಮತ್ತು ಚಪ್ಪಲಿ

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಸಾಹೇಬರ ಕುರ್ಚಿಗೆ ಅವರ ಕೋಟು ಒರಗಿತ್ತು. ಹೊರಗಿನ ಸಾಲಿನಲ್ಲಿ ಜನರ ಬದಲಿಗೆ ಅವರ ಚಪ್ಪಲಿಗಳಿದ್ದವು.

"ನಮ್ಮ ಬಾಳವ್ವನ ಮಗಳು ಕಾಲೇಜು ಸೇರಲು ಇಂದೇ ಕಡೇ ದಿನ. ಅಂಕಪಟ್ಟಿಗೆ ಸಹಿ ಬೇಕು. ಸಾಹೇಬರೆಲ್ಲಿ?" ಎಂದು ಮೊದಲ ಚಪ್ಪಲಿ ಕೇಳಿತು.

"ನಾನಿದ್ದರೆ ಅವರಿದ್ದಂತೆಯೇ," ಎಂದಿತು ಕೋಟು.

"ನಾನೂ ಒಡತಿಯ ಜಾಗ ಹಿಡಿದವಳೇ. ಇಬ್ಬರೂ ನಮ್ಮವರನ್ನು ಕರೆಯೋಣ."

ಚಪ್ಪಲಿ ಕೂಗಿದ್ದೇ ತಡ, ಬೇವಿನ ನೆರಳಿನಿಂದ ಬಾಳವ್ವ ಬರಿಗಾಲಲ್ಲಿ ಓಡಿಬಂದಳು. ಕೋಟು ಎಷ್ಟು ಕೂಗಿದರೂ ಎದುರಿನ ಚಹಾದಂಗಡಿಯಲ್ಲಿದ್ದ ಸಾಹೇಬರು ತಿರುಗಿ ನೋಡಲಿಲ್ಲ.

ಬಾಳವ್ವ ಚಪ್ಪಲಿ ಮೆಟ್ಟಿದಳು. ಕೋಟನ್ನು ಹೆಗಲಿಗೇರಿಸಿ ನೇರ ಅಂಗಡಿಗೆ ನಡೆದಳು.

"ಸಾಹೇಬ್ರ, ನಿಮ್ಮ ಕುರ್ಚಿ ಮ್ಯಾಲ ಇದು ಕುಂತಿತ್ತು. ಸಹಿ ಇದು ಮಾಡ್ತದೋ, ನೀವು ಮಾಡ್ತೀರೋ?"

ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.