ನೀರಿನ ಹರವಿಯ ಪಕ್ಕದ ಪೆಟ್ಟಿಗೆ

“ಅಜ್ಜಾರ, ನನ್ನ ಕಾರ್ಖಾನೆಯ ಮಂದಿಯ ಕೈ ಕೆಲಸದಲ್ಲಿರುತ್ತದೆ, ಕಣ್ಣು ಫೋನಿನಲ್ಲಿರುತ್ತದೆ. ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಕೂತಲ್ಲೇ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟು ಹೇಳತೊಡಗಿದರು.

ಒಬ್ಬ ಸಾವುಕಾರನಿದ್ದ. ಸೀರೆ ನೇಯಿಸುತ್ತಿದ್ದ. ಕೆಟ್ಟವನಲ್ಲ, ಹಬ್ಬಕ್ಕೆ ಎಲ್ಲರ ಮನೆಗೂ ಬೆಲ್ಲ ಕಳಿಸುವವನು. ಆದರೆ ಅವನ ಮಗ್ಗದವರಿಗೆ ಫೋನಿನ ಗೀಳು ಹತ್ತಿತ್ತು. ಒಬ್ಬನಂತೂ ಕುಣಿತದ ವಿಡಿಯೋ ನೋಡುತ್ತ ಲಾಳಿ ಎಸೆದು, ಮದುವೆ ಸೀರೆಯ ದಡಿಯನ್ನೇ ಸೊಟ್ಟ ಮಾಡಿಟ್ಟ. ಸಾವುಕಾರನಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಮರುದಿನ ತಗಡಿನ ಪೆಟ್ಟಿಗೆ ತಂದು, ಎಲ್ಲರ ಫೋನೂ ಅದರೊಳಗೆ ಹಾಕಿಸಿ ಬೀಗ ಜಡಿದ. ಇಡಲು ಬೇರೆ ಜಾಗವಿಲ್ಲದೆ ಕುಡಿಯುವ ನೀರಿನ ಹರವಿಯ ಪಕ್ಕದಲ್ಲಿಟ್ಟ.

ಅವತ್ತು ಮಗ್ಗದ ಮನೆಗೆಲ್ಲ ನೀರಡಿಕೆ ಹತ್ತಿತು. ಮಧ್ಯಾಹ್ನಕ್ಕೇ ಹರವಿ ಬರಿದು. ಎಲ್ಲರಿಗಿಂತ ಹೆಚ್ಚು ಸಲ ಎದ್ದವಳು ನೀಲವ್ವ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಹಳೆ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವುದು ಅವಳ ಕೆಲಸ; ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡಿರುತ್ತಾಳೆ. ಸಾವುಕಾರ ನೋಡುತ್ತಾನೆ, ಪೆಟ್ಟಿಗೆಯ ಮುಚ್ಚಳದ ತುಂಬ ಬೂದಿ. ಬೀಗ ಮುಟ್ಟಿರಲಿಲ್ಲ, ಅಂಗೈ ಊರಿದ ಗುರುತು ಅಷ್ಟೆ.

ಎಷ್ಟು ನೀರು ಕುಡಿಯುತ್ತೀ, ಹೊಟ್ಟೆಯಲ್ಲಿ ಕೆರೆ ಕಟ್ಟಿಸಿದ್ದೀಯೇನು ಎಂದು ಅವಳನ್ನು ಹಂಗಿಸಿದ. ಉಳಿದವರು ನಕ್ಕರು. ಅವಳು ನಗಲಿಲ್ಲ.

“ನೀರಡಿಕಿ ಅಲ್ರೀ ಸಾವ್ಕಾರ್ರ. ಮಗಳು ಹೆರಿಗಿ ಬ್ಯಾನಿ ತಿನ್ನಾಕತ್ಯಾಳ, ದವಾಖಾನ್ಯಾಗ ಅದಾಳ. ಅಳಿಯ ವಾಟ್ಸಪ್ಪಿನಾಗ ಹಾಕ್ತೀನಿ ಅಂದಾನ. ಪೆಟಗಿ ನಡಗಿದ್ರ ಸಾಕು, ನಂದ ಫೋನ ಇರಬೇಕು ಅನಸ್ತೈತಿ.”

ಸಾವುಕಾರ ಬೀಗದಕೈ ತಡಕಾಡಿ ತೆಗೆದು ಪೆಟ್ಟಿಗೆ ತೆರೆದ. ನೀಲವ್ವನ ಬೂದಿ ಬೆರಳಿಗೆ ಫೋನು ತೆರೆಯಲೊಲ್ಲದು. ಒರೆಸಿಕೋ ಎಂದು ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಕೊಟ್ಟ. ಅವಳು ಒರೆಸಿಕೊಂಡು ನೋಡಿದಳು. ನೋಡಿದವಳೇ ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಮಗ್ಗ ಮತ್ತೆ ಯಾವಾಗ ಶುರುವಾದವು, ಅಜ್ಜಾರ?”

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: “ಆ ಮಗಳು ಹೇಗಿದ್ದಾಳೆ ಎಂದು ಕೇಳುತ್ತೀ ಅಂದುಕೊಂಡಿದ್ದೆ, ತಮ್ಮಾ.”